ಲಾರಿ ಬಂದಾಗ ಜನ ಏನೆಂದು ಕೂಗಿದರು

ಕೆಂಪು ಮಣ್ಣಿನ ರಸ್ತೆಯಲ್ಲಿ ಲಾರಿಗಳು ಬಂದು ನಿಲ್ಲುತ್ತವೆ. ಹಿಂಬದಿಯ ಹಲಗೆ ಬೀಳುತ್ತದೆ. ಬ್ರಿಟಿಷರ ಸೆರೆ ಶಿಬಿರಗಳಲ್ಲಿ ವರ್ಷಗಟ್ಟಲೆ ಕಳೆದ ಗಂಡಸರು ಒಬ್ಬೊಬ್ಬರಾಗಿ ಇಳಿಯುತ್ತಾರೆ. ರಸ್ತೆಯ ಎರಡೂ ಬದಿಗೆ ಊರಿನವರು ಕಾದು ನಿಂತಿದ್ದಾರೆ. ಕೀನ್ಯಾ ದೇಶದ ಸ್ವಾತಂತ್ರ್ಯ ಹೋರಾಟವನ್ನು ಹೇಳುವ ಆ ದೊಡ್ಡ ಸಿನಿಮಾದಲ್ಲಿ ಇದು ಬರೀ ನಾಲ್ಕು ನಿಮಿಷದ ದೃಶ್ಯ. ಆದರೆ ಕಥೆಯ ನಾಯಕ ಮನೆಗೆ ಮರಳುವುದು ಇಲ್ಲೇ. ಆ ನಾಲ್ಕು ನಿಮಿಷ ಜನ ಏನು ಸದ್ದು ಮಾಡಿದರು ಎಂಬುದನ್ನು ಕಟ್ಟಿಕೊಡುವುದು ನನ್ನ ಕೆಲಸವಾಗಿತ್ತು. ಅದು ನನಗೆ ಕೊನೆಯವರೆಗೂ ಪೂರ್ತಿ ಅರ್ಥವಾಗಲಿಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ.

ನಾನು ಡೈಲಾಗ್ ಎಡಿಟರ್. ಚಿತ್ರೀಕರಣದ ಜಾಗದಲ್ಲಿ ದಾಖಲಾದ ಮಾತುಗಳನ್ನು ಶುಚಿ ಮಾಡುವುದು, ಹಾಳಾದ ಕಡೆ ಬೇರೆ ದನಿಗಳನ್ನು ತುಂಬುವುದು ನನ್ನ ಪಾಲಿನದು. ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಕೊಲಂಬಿಯಾದಲ್ಲಿರುವ ನಮ್ಮ ಮನೆಯ ಬೇಸ್‌ಮೆಂಟಿನಲ್ಲಿ ಕೂತು ಮಾಡುತ್ತೇನೆ. ಈ ಚಿತ್ರಕ್ಕೆ ನನ್ನನ್ನು ಕರೆದವರು ಅಟ್ಲಾಂಟಾದಲ್ಲಿರುವ ಮಿಕ್ಸರ್. ಮಾತು, ಸಂಗೀತ, ಉಳಿದ ಸದ್ದುಗಳನ್ನೆಲ್ಲ ಕೊನೆಯಲ್ಲಿ ಹದವಾಗಿ ಸೇರಿಸುವವರು ಅವರೇ. ಮೈಸೂರಿನವರು. ನಾನು ಧಾರವಾಡದವಳು. ಇಬ್ಬರ ಕನ್ನಡವೂ ಫೋನಿನಲ್ಲಿ ಒಂದನ್ನೊಂದು ರೇಗಿಸಿಕೊಂಡೇ ಇರುತ್ತಿತ್ತು.

"ಮೇಡಂ, ಫೈಲ್ಸ್ ಓಪನ್ ಮಾಡಿದ್ರಾ?" ಎಂದು ಕೇಳಿದರು ಮೊದಲ ವಾರ.

"ಮಾಡೀನ್ರಿ. ಎಲ್ಲಾ ಟ್ರ್ಯಾಕಿನ್ಯಾಗೂ ಒಂದು ಹಕ್ಕಿ ಕೂತದ ನೋಡ್ರಿ."

"ಅಯ್ಯೋ, ಅದು ರೆನ್. ನಮ್ ಬ್ಯಾಕ್‌ಯಾರ್ಡಲ್ಲೂ ಬೆಳಗ್ಗೆಯಿಂದ ಕಿರುಚ್ತಾ ಇರುತ್ತೆ. ಕೀನ್ಯಾದಲ್ಲಿ ಅದು ಇರೋಕೆ ಚಾನ್ಸೇ ಇಲ್ಲ."

ಕೊರೊನಾ ದಿನಗಳಲ್ಲಿ ಕೀನ್ಯಾಕ್ಕೆ ಹೋಗಿ ಚಿತ್ರೀಕರಿಸುವ ಯೋಜನೆ ಬಿದ್ದುಹೋಗಿತ್ತು. ಒಳಾಂಗಣದ ದೃಶ್ಯಗಳನ್ನು ಅಟ್ಲಾಂಟಾದ ಸ್ಟುಡಿಯೋದಲ್ಲಿ ಮುಗಿಸಿ, ಹೊರಗಿನದಕ್ಕೆ ಉತ್ತರ ಕೆರೊಲಿನಾದ ಗುಡ್ಡವೊಂದರ ಮೇಲೆ ಊರು ಕಟ್ಟಿದ್ದರು. ಮಣ್ಣು ಅಲ್ಲಿಯಂತೆಯೇ ಕೆಂಪು. ಕಣ್ಣಿಗೆ ಮೋಸ ತಿಳಿಯುವುದಿಲ್ಲ, ಕಿವಿಗೆ ತಿಳಿದುಬಿಡುತ್ತದೆ. ಹಕ್ಕಿಯ ಜೊತೆಗೆ ದೂರದ ಹೆದ್ದಾರಿ, ಮೇಲೆ ವಿಮಾನ, ಮೆಗಾಫೋನಿನಲ್ಲಿ ಸಹ ನಿರ್ದೇಶಕನ "ಇನ್ನೂ ಜೋರು, ಇನ್ನೂ ಖುಷಿ" ಎಂಬ ಕೂಗು. ಜನಜಂಗುಳಿಯಾಗಿ ನಿಂತವರು ಅಲ್ಲಿನ ಶಾರ್ಲಟ್ ನಗರದ ಸುತ್ತಮುತ್ತಲಿನವರು. ಅವರು ಕೂಗಿದ್ದು "ಫ್ರೀಡಂ" ಮತ್ತು "ವೆಲ್ಕಮ್ ಹೋಮ್". ಕಿಕುಯು ಭಾಷೆಯ ಹಳ್ಳಿಯೊಂದರಲ್ಲಿ ಇವೆರಡನ್ನೂ ಕೂಗುವವರಿರಲಿಲ್ಲ. ಆ ದೃಶ್ಯದ ಧ್ವನಿಯಲ್ಲಿ ಲಾರಿಯ ಹಲಗೆ ಬಿದ್ದ ಸದ್ದೊಂದನ್ನು ಬಿಟ್ಟು ಏನನ್ನೂ ಉಳಿಸಿಕೊಳ್ಳುವಂತಿರಲಿಲ್ಲ.

ಹಾಗಾದರೆ ಏನು ಹಾಕಬೇಕು? ನಿರ್ದೇಶಕರನ್ನು ಕೇಳಿದೆ. ಮೇರಿಲ್ಯಾಂಡಿನದೇ ಸಿಲ್ವರ್ ಸ್ಪ್ರಿಂಗ್ ಊರಿನಲ್ಲಿ ಹುಟ್ಟಿ ಬೆಳೆದವರು ಅವರು, ನಲವತ್ತರ ಆಸುಪಾಸು. ಚಿತ್ರದ ನಾಯಕ ಅವರ ಸ್ವಂತ ಅಜ್ಜ. "ಹಬ್ಬದ ಹಾಗೆ ಇರಲಿ" ಎಂದರು ಇಂಗ್ಲಿಷಿನಲ್ಲಿ. ಹಬ್ಬ ಕಟ್ಟಿ ಕಳಿಸಿದೆ. "ಹಬ್ಬ ಬೇಡ, ಇದರಲ್ಲಿ ಭಯ ಇರಬೇಕಿತ್ತು" ಎಂದರು. ಸದ್ದು ಇಳಿಸಿ, ಮಗುವೊಂದರ ಅಳು ಸೇರಿಸಿ, ಭಯ ಕಟ್ಟಿ ಕಳಿಸಿದೆ. "ಎರಡೂ ಅಲ್ಲ" ಎಂದರು.

"ನಿಮ್ಮ ತಂದೆ ಆ ದಿನ ಅಲ್ಲಿದ್ದರಲ್ಲವೇ? ಅವರೇನು ಹೇಳುತ್ತಿದ್ದರು?"

"ಕೇಳಿದ್ದೆ. 'ಲಾರಿ ಬಂತು' ಎಂದಿದ್ದರು. ಅಷ್ಟೇ. ಈಗ ಅವರೂ ಇಲ್ಲ."

ಅವರಿಗೇ ಗೊತ್ತಿಲ್ಲದ್ದನ್ನು ನಾನು ಊಹಿಸುತ್ತಾ ಕೂರುವುದರಲ್ಲಿ ಅರ್ಥವಿರಲಿಲ್ಲ. ಮೇರಿಲ್ಯಾಂಡಿನಲ್ಲಿ ಕೀನ್ಯಾದವರ ಚರ್ಚೊಂದಿದೆ, ಅಲ್ಲಿ ಕಿಕುಯು ಮಾತಾಡುವ ಹಿರಿಯರಿದ್ದಾರೆ ಎಂದು ತಿಳಿದು, ಗಾಯಕ ವೃಂದವನ್ನೇ ಕರೆಸಿ ರೆಕಾರ್ಡ್ ಮಾಡೋಣ ಎಂದೆ. ನಿರ್ದೇಶಕರು ಒಪ್ಪಿದರು.

ಶನಿವಾರ ಮಧ್ಯಾಹ್ನ ಚರ್ಚಿನ ಸಭಾಂಗಣದಲ್ಲಿ ಸೇರಿದೆವು. ಹೀಟರ್ ನಿಲ್ಲಿಸಿ, ಫ್ರಿಜ್ಜಿನ ಪ್ಲಗ್ ಕಿತ್ತು, ಪ್ರತಿಧ್ವನಿ ತಗ್ಗಿಸಲು ಗೋಡೆಗೆ ದಪ್ಪ ಕಂಬಳಿಗಳನ್ನು ತೂಗುಹಾಕಿದೆ. ಒಂದು ಮೈಕ್ ಹತ್ತಿರ, ಎರಡು ದೂರ. ಪರದೆಯ ಮೇಲೆ ದೃಶ್ಯ ಓಡುತ್ತದೆ, ನೋಡುತ್ತಾ ಅವರು ಕೂಗಬೇಕು. ನನ್ನ ಕಸುಬಿನಲ್ಲಿ ಒಂದು ಪದ್ಧತಿಯಿದೆ: ಜನ ಒಳಗೆ ಬಂದಾಗಿನಿಂದ ಕೊನೆಯವರು ಹೊರಹೋಗುವ ತನಕ ರೆಕಾರ್ಡರ್ ನಿಲ್ಲಿಸುವುದಿಲ್ಲ. ಒಳ್ಳೆಯದೆಲ್ಲ ಬಿಡುವಿನಲ್ಲೇ ಸಿಗುತ್ತದೆ.

ಮೊದಲು ಅವರು ಹಾಡಿದರು. ನಾಲ್ಕು ದನಿಗಳ ಹೊಂದಾಣಿಕೆಯಲ್ಲಿ, ರಸ್ತೆಬದಿಯ ಗುಂಪಿಗೆ ಉಪಯೋಗಕ್ಕೇ ಬಾರದಷ್ಟು ಚೆನ್ನಾಗಿತ್ತು. ಆಮೇಲೆ ಹೆಂಗಸರು ನಾಲಿಗೆ ಆಡಿಸುತ್ತಾ ಎತ್ತುವ ಉದ್ದನೆಯ ಸಂತೋಷದ ಕೂಗು. ನಾನು ಮೊದಲು ಸಿದ್ಧ ಸದ್ದುಗಳ ಸಂಗ್ರಹದಿಂದ ತೆಗೆದು ಹಾಕಿದ್ದ ಕೂಗನ್ನು ಕೇಳಿ ಎಲ್ಲರೂ ನಕ್ಕಿದ್ದರು. "ನಮ್ಮಲ್ಲಿ ಗಂಡು ಮಗುವಿಗೆ ಐದು ಸಲ, ಹೆಣ್ಣು ಮಗುವಿಗೆ ಮೂರು ಸಲ. ಇದು ನಿಲ್ಲುವುದೇ ಇಲ್ಲವಲ್ಲ, ಎಷ್ಟು ಮಕ್ಕಳು ಹುಟ್ಟಿದವು?" ಎಂದು ತಮಾಷೆ ಮಾಡಿದರು ವೃಂದದ ಮುಖ್ಯಸ್ಥರು. ಎಪ್ಪತ್ತರ ಹತ್ತಿರದವರು, ಇಸ್ತ್ರಿ ಮಾಡಿದ ಕೋಟು, ತಾಳಕ್ಕೆ ಬೆರಳಾಡಿಸುವ ಅಭ್ಯಾಸ.

ಎಲ್ಲರೂ ಕೂಗುತ್ತಿದ್ದಾಗ ಒಬ್ಬ ಹಿರಿಯ ಹೆಂಗಸು ಮಾತ್ರ ಬಾಯಿ ಮುಚ್ಚಿಕೊಂಡು ನಿಂತಿದ್ದರು. ಅವರನ್ನು ಎಲ್ಲರೂ ಶೋಶೋ, ಅಂದರೆ ಅಜ್ಜಿ, ಎನ್ನುತ್ತಿದ್ದರು. ನಾನೂ ಹಾಗೇ ಕರೆದೆ.

"ಶೋಶೋ, ನಿಮ್ಮ ದನಿ ಬರಲಿಲ್ಲ."

"ಈ ಹೆಂಗಸರು ಯಾಕೆ ನಗುತ್ತಿದ್ದಾರೆ?" ಅವರು ಪರದೆಯತ್ತ ಕೈ ತೋರಿಸಿದರು. "ತಮ್ಮ ಮನೆಯವನು ಬಂದಿದ್ದಾನೆ ಅಂತ ಇವರಿಗೆ ಹೇಗೆ ಗೊತ್ತು? ಲಾರಿಯಲ್ಲಿ ಯಾರಿದ್ದಾರೆ ಅಂತ ನಮಗೆ ಯಾರೂ ಹೇಳಿರಲಿಲ್ಲ. ನಾವು ಹೆಸರು ಕೂಗಿದೆವು. ಉತ್ತರ ಬಂದರೆ ಬದುಕಿದ್ದಾನೆ. ಬರದಿದ್ದರೆ ಮುಂದಿನ ಲಾರಿ."

ಮುಖ್ಯಸ್ಥರು ಮೆಲ್ಲಗೆ ತಲೆಯಾಡಿಸಿದರು. "ಇಲ್ಲ ಶೋಶೋ. ಹಾಡಿದರು. ಇಡೀ ಊರು ಹಾಡಿತು. ನಾನು ಚಿಕ್ಕವನಿದ್ದೆ, ನನಗೆ ನೆನಪಿದೆ. ನಾನು ಕೇಳಿದ್ದೇನೆ."

ಆಕೆ ಅವರ ಕಡೆ ತಿರುಗಿದರು. "ಎಲ್ಲಿಂದ ಕೇಳಿದೆ?"

ನನಗೆ ಅರ್ಥವಾದ ಕೊನೆಯ ಮಾತು ಅದು. ಮುಂದಿನದೆಲ್ಲ ಇಂಗ್ಲಿಷ್ ಬಿಟ್ಟು ಕಿಕುಯುವಿನಲ್ಲಿ ನಡೆಯಿತು. ಮೊದಲು ತಗ್ಗಿದ ದನಿ, ಆಮೇಲೆ ಏರಿದ ದನಿ. ಒಬ್ಬರಾದ ಮೇಲೊಬ್ಬರು ನಡುವೆ ಬಂದರು, ಯಾರೋ ಯಾರದೋ ಹೆಸರು ಹಿಡಿದು ಕೂಗಿದರು, ಒಬ್ಬಾಕೆ ಅಳುತ್ತಾ ಹೊರಗೆ ಹೋದರು. ನಾನು ಹೆಡ್‌ಫೋನ್ ಹಾಕಿಕೊಂಡೇ ನಿಂತಿದ್ದೆ. ಏನಾಗುತ್ತಿದೆ ಎಂದು ಪಕ್ಕದವರನ್ನು ಕೇಳಿದರೆ "ಹಳೆಯ ವಿಷಯ" ಎಂದರು, ಅಷ್ಟೇ. ಮುಖ್ಯಸ್ಥರು ಕೋಟಿನ ಗುಂಡಿ ಹಾಕಿಕೊಂಡು ನಡೆದುಬಿಟ್ಟರು. ಸಭಾಂಗಣ ಖಾಲಿಯಾಯಿತು.

ಮನೆಗೆ ಬಂದು ಅಂದು ಸಿಕ್ಕಿದ್ದನ್ನು ಕೇಳಿದೆ. ಹಾಡು ಕೆಲಸಕ್ಕೆ ಬಾರದು, ಸಂತೋಷದ ಕೂಗು ಸುಳ್ಳಾಗಿತ್ತು. ಕೊನೆಗೆ ಜಗಳದ ಭಾಗಕ್ಕೆ ಬಂದೆ. ನನಗೆ ಒಂದು ಪದವೂ ತಿಳಿಯದ ಮಾತುಗಳು ಅವು. ದನಿಗಳ ಏರಿಳಿತ ಮಾತ್ರ ಗೊತ್ತಾಗುತ್ತಿತ್ತು. ಪ್ರಯತ್ನಿಸಿ ನೋಡೋಣ ಎಂದು ಅದನ್ನೇ ಲಾರಿಗಳ ಕೆಳಗೆ ಹಾಕಿದೆ. ಹಲಗೆ ಬಿತ್ತು, ದನಿಗಳು ಎದ್ದವು. ಪರದೆಯ ಮೇಲೆ ನಗುತ್ತಿದ್ದ ಆ ಶಾರ್ಲಟ್ ಜನರ ಮುಖಗಳೇ ಬದಲಾದಂತೆ ಕಂಡವು. ಅವರ ನಗು ನಗುವಾಗಿ ಉಳಿಯಲಿಲ್ಲ. ಒಂದು ಕಚ್ಚಾ ಮಿಕ್ಸ್ ಮಾಡಿ, ಇದೇನೆಂದು ಬರೆದು, ಅಭಿಪ್ರಾಯಕ್ಕಾಗಿ ನಿರ್ದೇಶಕರಿಗೆ ಕಳಿಸಿದೆ.

ಸ್ವಲ್ಪ ಹೊತ್ತಿನಲ್ಲೇ ಫೋನ್ ಬಂತು. "ಇದೇ" ಎಂದರು. ದನಿ ಒದ್ದೆಯಾಗಿತ್ತು. "ಇಷ್ಟು ದಿನ ನಾನು ಕೇಳುತ್ತಿದ್ದದ್ದು ಇದನ್ನೇ."

"ಅವರು ಏನು ಹೇಳುತ್ತಿದ್ದಾರೆ?"

"ಪೂರ್ತಿ ಗೊತ್ತಾಗುವುದಿಲ್ಲ. ನನ್ನ ಕಿಕುಯು ಅಡುಗೆಮನೆಯಲ್ಲಿ ಕಲಿತದ್ದು. ಊಟ ಮಾಡು, ಬಾಗಿಲು ಹಾಕು, ಅಷ್ಟು. ಆದರೆ ಇದು ನಿಜ. ಇದನ್ನು ತೆಗೆಯಬೇಡಿ."

"ಇದು ಅವರ ಜಗಳ. ಸಿನಿಮಾಕ್ಕೆಂದು ಕೊಟ್ಟದ್ದಲ್ಲ."

"ಒಪ್ಪಿಗೆ ಪತ್ರಕ್ಕೆ ಸಹಿ ಮಾಡಿದ್ದಾರೆ. ಆ ದಿನ ರೆಕಾರ್ಡ್ ಆದದ್ದೆಲ್ಲ ನಮ್ಮದು."

ಅದು ನಿಜವೇ ಆಗಿತ್ತು. ಮಿಕ್ಸರಿಗೆ ಫೋನ್ ಮಾಡಿದೆ.

"ಲೀಗಲಿ ಏನೂ ಪ್ರಾಬ್ಲಂ ಇಲ್ಲ ಮೇಡಂ. ಡೈರೆಕ್ಟರ್ ನಂಗೂ ಕೇಳ್ಸಿದ್ರು. ಸುಳ್ಳು ಹೇಳಲ್ಲ, ಇಡೀ ಫಿಲ್ಮಲ್ಲಿ ಇಂಥ ಸೌಂಡ್ ಇನ್ನೊಂದಿಲ್ಲ. ಸುಮ್ನೆ ಫೈನಲ್ ಅಂತ ಲಾಕ್ ಮಾಡ್ಬಿಡಿ."

"ಅವರು ಏನ್ ಬೈದಾರೋ, ಏನ್ ಶಾಪ ಹಾಕ್ಯಾರೋ, ನಮಗ ಒಂದೂ ತಿಳೀವಲ್ದು. ಹಂಗ ಹೆಂಗ ಲಾಕ್ ಮಾಡ್ಲಿ?"

"ಟ್ರಾನ್ಸ್‌ಲೇಟ್ ಮಾಡ್ಸಿ."

"ಅದನ್ನ ಬ್ಯಾರೆಯವರ ಕಡೆ ಮಾಡಿಸಿದ್ರ, ಅವರ ಮನಿ ಮಾತು ಇನ್ನೊಬ್ಬರ ಕಿವಿಗೆ ಹಾಕಿಧಂಗಾಗ್ತದಲ್ರಿ."

"ಈ ವೀಕ್ ಕೊಡ್ತೀನಿ ಮೇಡಂ. ನೆಕ್ಸ್ಟ್ ವೀಕ್ ಆ ಸೀನ್ ಇರೋ ರೀಲ್ ಮಿಕ್ಸ್‌ಗೆ ಬರುತ್ತೆ. ಅಷ್ಟರಲ್ಲಿ ಏನಾದ್ರೂ ಒಂದು ಡಿಸೈಡ್ ಮಾಡಿ."

ಎರಡು ದಿನ ನಾನು ಬೇರೆ ಕೆಲಸದಲ್ಲಿ ಮುಳುಗಿದಂತೆ ನಟಿಸಿದೆ. ಆ ದನಿಗಳನ್ನು ಬಿಡಲು ನನಗೇ ಮನಸ್ಸಿರಲಿಲ್ಲ ಎಂಬುದು ತೊಡಕಾಗಿತ್ತು. ಅಷ್ಟು ಸರಿಹೊಂದುವ ಸದ್ದು ಒಬ್ಬ ಎಡಿಟರಿಗೆ ಎಲ್ಲೋ ಒಮ್ಮೆ ಸಿಗುತ್ತದೆ. ಅದು ಚೆನ್ನಾಗಿದೆ ಎಂದು ಕಿವಿ ಹೇಳುತ್ತಿತ್ತು. ಅದು ಏನು ಎಂದು ಮಾತ್ರ ಗೊತ್ತಿರಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಶೋಶೋ ಅವರ ಮಗಳಿಗೆ ಫೋನ್ ಮಾಡಿ, ಲ್ಯಾಪ್‌ಟಾಪ್ ತೆಗೆದುಕೊಂಡು ಅವರ ಮನೆಗೆ ಡ್ರೈವ್ ಮಾಡಿದೆ.

ಮಗಳು ಚಹಾ ಕೊಟ್ಟು ಕೆಲಸಕ್ಕೆ ಹೋದಳು. ವಿಷಯ ಹೇಳಿ, ದೃಶ್ಯ ಹಾಕಿ, ಹೆಡ್‌ಫೋನ್ ಕೊಟ್ಟೆ. ಶೋಶೋ ಕದಲದೆ ಕೇಳಿದರು. ಮತ್ತೊಮ್ಮೆ ಹಾಕು ಎಂದರು. ಮತ್ತೊಮ್ಮೆ ಕೇಳಿದರು.

"ಇದರಲ್ಲಿ ನಾನೇನು ಹೇಳಿದ್ದೇನೆ ಅಂತ ನಿನಗೆ ಗೊತ್ತೇ?"

"ಇಲ್ಲ."

"ಒಳ್ಳೆಯದಾಯಿತು." ಹೆಡ್‌ಫೋನ್ ಬಿಚ್ಚಿ ಮಡಿಲಲ್ಲಿಟ್ಟುಕೊಂಡರು. "ನಮ್ಮ ವೃಂದದ ಮುಖ್ಯಸ್ಥ ಇದ್ದಾನಲ್ಲ, ಅವನ ಅಪ್ಪ ಬ್ರಿಟಿಷರ ಕಡೆಯ ಊರ ಕಾವಲುಪಡೆಯಲ್ಲಿದ್ದ. ನಮ್ಮವನೇ, ನಮ್ಮ ಭಾಷೆಯವನೇ. ನಮ್ಮನ್ನು ಕೂಡಿಹಾಕಿದ್ದ ಬೇಲಿಯನ್ನು ಬಂದೂಕು ಹಿಡಿದು ಕಾಯುತ್ತಿದ್ದ. ನನ್ನ ಅಣ್ಣಂದಿರನ್ನು ಕರೆದುಕೊಂಡು ಹೋದಾಗ ದೀಪ ಹಿಡಿದು ನಿಂತಿದ್ದವನು ಅವನು. ಲಾರಿಗಳು ವಾಪಸ್ ಬಂದ ದಿನ ಅವರ ಮನೆಯವರು ಹೊರಗೆ ಬರಲಿಲ್ಲ. ಬರುವುದಾದರೂ ಹೇಗೆ?"

"ನೀವಿಬ್ಬರೂ ಒಂದೇ ವೃಂದದಲ್ಲಿ ಹಾಡುತ್ತೀರಿ."

"ಬಹಳ ವರ್ಷಗಳಿಂದ. ನನಗೆ ಗೊತ್ತಿತ್ತು. ನನಗೆ ಗೊತ್ತಿದೆ ಅಂತ ಅವನಿಗೂ ಗೊತ್ತಿತ್ತು. ಮಾತಾಡಿರಲಿಲ್ಲ. ನಿನ್ನ ಸಿನಿಮಾ ಬಂದು ಮಾತಾಡಿಸಿತು."

ಜಗಳದ ಮಾತುಗಳನ್ನು ಅವರು ನನಗೆ ಬಿಡಿಸಿ ಹೇಳಲಿಲ್ಲ. ನಾನೂ ಕೇಳಲಿಲ್ಲ. "ಅದು ನಮ್ಮಿಬ್ಬರದು. ಅಳಿಸಿಬಿಡು" ಎಂದರು. ಅವರ ಎದುರಿಗೇ ನನ್ನ ಬಳಿಯಿದ್ದ ಮೂಲವನ್ನೂ ಅದರ ಪ್ರತಿಯನ್ನೂ ಅಳಿಸಿದೆ. ಆಮೇಲೆ ಅವರೇ ಹೇಳಿದರು: "ಹೆಸರು ಕೂಗುವುದಾದರೆ ಬರುತ್ತೇನೆ. ಬೇರೇನನ್ನೂ ಕೂಗುವುದಿಲ್ಲ."

ಕಾರಿನಲ್ಲೇ ಕೂತು ನಿರ್ದೇಶಕರಿಗೆ ಫೋನ್ ಮಾಡಿದೆ. ಅವರು ಕೂಗಾಡಲಿಲ್ಲ, ಅದೇ ಹೆಚ್ಚು ಕಷ್ಟವಾಯಿತು. "ನೀವು ಅಳಿಸಿದ್ದು ನನ್ನ ಅಜ್ಜನ ದಿನವನ್ನು" ಎಂದರು ತಣ್ಣಗೆ. "ನೀವು ಕಳಿಸಿದ ಮಿಕ್ಸ್ ನನ್ನ ಬಳಿ ಇನ್ನೂ ಇದೆ. ಅದಕ್ಕಿಂತ ಒಳ್ಳೆಯದನ್ನು ತನ್ನಿ. ಇಲ್ಲದಿದ್ದರೆ ಅದನ್ನೇ ಹಾಕುತ್ತೇನೆ, ಬೇರೆ ಎಡಿಟರನ್ನು ಕರೆದುಕೊಳ್ಳುತ್ತೇನೆ."

ಮುಖ್ಯಸ್ಥರನ್ನೂ ಕಾಣಬೇಕಿತ್ತು. ಮತ್ತೆ ರೆಕಾರ್ಡಿಂಗಿಗೆ ಬರುವುದಿಲ್ಲ ಎಂದಿದ್ದರು. ಫೋನಿನಲ್ಲಿ ನನಗೆ ತೋಚಿದ ಒಂದೇ ಪ್ರಶ್ನೆ ಕೇಳಿದೆ: "ನೀವು ಕೇಳಿದ ಹಾಡು ಹೇಗೆ ಕೇಳಿಸುತ್ತಿತ್ತು? ಹತ್ತಿರವೋ, ದೂರವೋ?"

"ಕಿಟಕಿ ಮುಚ್ಚಿತ್ತು" ಎಂದರು.

ಶುಕ್ರವಾರ ಬೆಳಿಗ್ಗೆ ಅವರು ಚರ್ಚಿಗೆ ಬಂದರು. ವೃಂದದ ಐದಾರು ಜನ ಚರ್ಚಿನ ಹೊರಗೆ, ಪಾರ್ಕಿಂಗಿನಲ್ಲಿ ನಿಂತು ಊರ ಹಾಡು ಹಾಡಿದರು. ಮೈಕನ್ನು ನಾನು ಒಳಗೆ, ಅಡುಗೆಮನೆಯಲ್ಲಿ ಇಟ್ಟಿದ್ದೆ. ಅವರು ಪಕ್ಕದ ಕುರ್ಚಿಯಲ್ಲಿ ಕೂತು ಕೇಳಿದರು. "ತುಂಬಾ ಹತ್ತಿರ" ಎಂದರು. ಹಾಡುವವರನ್ನು ರಸ್ತೆಯಾಚೆ ಕಳಿಸಿದೆ. "ಅಮ್ಮ ಕಿಟಕಿಗೆ ಕಂಬಳಿ ಹಾಕಿದ್ದಳು." ಕಂಬಳಿ ಹಾಕಿದೆ. "ಇನ್ನೂ ಸ್ವಲ್ಪ." ಇನ್ನೊಂದು ಕಂಬಳಿ. ಈಗ ಪದಗಳು ಅಳಿಸಿಹೋಗಿ, ಗೋಡೆಯ ಆಚೆ ಏನೋ ದೊಡ್ಡದೊಂದು ಉಸಿರಾಡುತ್ತಿರುವಂತೆ ಮಾತ್ರ ಕೇಳುತ್ತಿತ್ತು. ಅವರ ಬೆರಳು ತಾಳ ಹಾಕುವುದನ್ನು ನಿಲ್ಲಿಸಿತು.

"ಹೀಗೇ" ಎಂದರು. "ನಾವು ಮಂಚದ ಕೆಳಗಿದ್ದೆವು. ಹಾಡು ಮುಗಿದ ಮೇಲೆ ನಮ್ಮ ಮನೆಗೆ ಬರುತ್ತಾರೆ ಅಂತ ಅಮ್ಮ ಹೆದರಿದ್ದಳು. ಯಾರೂ ಬರಲಿಲ್ಲ."

ಶೋಶೋ ಬರುವ ಮೊದಲೇ ಅವರು ಹೊರಟುಹೋದರು. ಎದುರಾಗಲು ಇಬ್ಬರಿಗೂ ಇಷ್ಟವಿರಲಿಲ್ಲ.

ಶೋಶೋ ಅವರನ್ನು ಚರ್ಚಿನ ಹಿಂದಿನ ಬಯಲಿನಲ್ಲಿ ನಿಲ್ಲಿಸಿದೆ. ನಾನು ಕೈ ಬೀಸಿದಾಗ ಒಂದೊಂದು ಹೆಸರು ಕೂಗಬೇಕು ಎಂದು ಮಾತಾಗಿತ್ತು. ಅವರು ನನ್ನ ಕೈಯನ್ನು ನೋಡಲೇ ಇಲ್ಲ. ಒಂದು ಹೆಸರು ಕೂಗಿ, ಮುಖ ಸ್ವಲ್ಪ ಎತ್ತಿ, ಕಾದರು. ಮತ್ತೊಂದು ಕೂಗಿ, ಮತ್ತೆ ಕಾದರು. ದನಿ ಮುದುಕಿಯದಾಗಿರಲಿಲ್ಲ. ಕೆಲವು ಹೆಸರುಗಳಾದ ಮೇಲೆ ಕೋಟು ಸರಿಪಡಿಸಿಕೊಂಡು, "ಸಾಕು. ಇಷ್ಟೇ ಜನ" ಎಂದು ಮಗಳ ಕಾರು ಹತ್ತಿದರು.

ಮುಂದಿನ ವಾರ ಅಟ್ಲಾಂಟಾಕ್ಕೆ ಹೋದೆ. ಮಿಕ್ಸಿಂಗ್ ಕೋಣೆಯಲ್ಲಿ ನಿರ್ದೇಶಕರು ಹಿಂದಿನ ಸೋಫಾದಲ್ಲಿ ಕೂತಿದ್ದರು, ನನ್ನೊಡನೆ ಮಾತಾಡಲಿಲ್ಲ. ದೃಶ್ಯ ಓಡಿತು. ಹಲಗೆ ಬಿತ್ತು. ರಸ್ತೆಯಲ್ಲಿ ಹೆಂಗಸೊಬ್ಬಳು ಒಂದು ಹೆಸರು ಕೂಗಿ ಕಾಯುತ್ತಾಳೆ. ಗುಂಪಿನಲ್ಲಿ ಪಿಸುಮಾತು, ಕಾಲುಗಳ ಸದ್ದು. ಇನ್ನೊಂದು ಹೆಸರು. ನಾಯಕ ಇಳಿಯುತ್ತಾನೆ. ಕ್ಯಾಮೆರಾ ಅವನ ಬೆನ್ನ ಹಿಂದಿನ ಮುಚ್ಚಿದ ಮನೆಗಳತ್ತ ಸರಿದಾಗ ಆ ಮಂಕು ಹಾಡು, ಒಳಗಿನಿಂದ ಕೇಳಿದಂತೆ.

"ನಡುವಿನ ಗ್ಯಾಪ್ ಜಾಸ್ತಿ ಆಯ್ತಾ?" ಎಂದು ಮಿಕ್ಸರ್ ನನ್ನತ್ತ ಬಾಗಿದರು. ಗ್ಯಾಪ್ ಕತ್ತರಿಸಿ ನೋಡಿದೆವು. ಆಗ ಅದು ಬರೀ ಕೂಗಾಟವಾಯಿತು. ಮೊದಲಿನಂತೆಯೇ ಇಟ್ಟೆವು.

ದೃಶ್ಯ ಮುಗಿದರೂ ನಿರ್ದೇಶಕರು ಏಳಲಿಲ್ಲ. ಮತ್ತೆ ಹಾಕಿಸಿದರು. ಮತ್ತೆ.

"ಇದು ಸಂತೋಷವೋ ದುಃಖವೋ ನನಗೆ ಗೊತ್ತಾಗುತ್ತಿಲ್ಲ" ಎಂದರು ಕೊನೆಗೆ. "ಈ ಹಾಡು ಯಾರ ಕಿವಿಯದು? ನನ್ನ ಅಜ್ಜನದಲ್ಲ."

"ಅಲ್ಲ" ಎಂದೆ.

ಅವರು ಹಣೆ ಉಜ್ಜಿಕೊಂಡರು. "ತೆಗೆಯಬೇಡಿ."

ಹಳೆಯ ಮಿಕ್ಸನ್ನು ಅವರು ಅಳಿಸಿದರೋ ಇಲ್ಲವೋ ಕೇಳಲಿಲ್ಲ. ಇಂದಿಗೂ ಗೊತ್ತಿಲ್ಲ.

ಚಿತ್ರ ಮುಗಿದು, ಮೇರಿಲ್ಯಾಂಡಿನ ಚಿತ್ರಮಂದಿರವೊಂದರಲ್ಲಿ ಕೆಲಸ ಮಾಡಿದವರಿಗೂ ಚರ್ಚಿನವರಿಗೂ ಒಂದು ಶನಿವಾರ ಪ್ರದರ್ಶನ ಇಟ್ಟರು. ಶೋಶೋ ಬರಲಿಲ್ಲ. ಅಷ್ಟು ಹೊತ್ತು ಕೂರಲು ಮಂಡಿ ಬಿಡುವುದಿಲ್ಲ ಎಂದು ಮಗಳ ಕೈಯಲ್ಲಿ ಹೇಳಿ ಕಳಿಸಿದ್ದರು. ಮುಖ್ಯಸ್ಥರು ಬಂದಿದ್ದರು. ಚಿತ್ರ ಮುಗಿದಾಗ ಜನ ಎದ್ದು ಚಪ್ಪಾಳೆ ತಟ್ಟಿದರು. ಅವರು ಲಾಬಿಯ ಕಂಬದ ಪಕ್ಕ ನಿಂತು ನನಗಾಗಿ ಕಾಯುತ್ತಿದ್ದರು.

"ಆಕೆ ಕೂಗಿದ್ದು ಯಾರ ಹೆಸರುಗಳು, ನಿಮಗೆ ಗೊತ್ತೇ?"

"ಇಲ್ಲ. ಅವರ ಅಣ್ಣಂದಿರದು, ನೆಂಟರದು ಇರಬೇಕು ಅಂದುಕೊಂಡೆ."

"ಅಣ್ಣಂದಿರು, ಹೌದು. ಚಿಕ್ಕಪ್ಪ, ಹೌದು." ಅವರು ಬೆರಳು ಮಡಿಸುತ್ತಾ ಎಣಿಸಿದರು. "ಕೊನೆಯದು ನನ್ನ ಅಪ್ಪನ ಹೆಸರು."

ಹೊರಹೋಗುವವರಿಗೆ ದಾರಿ ಬಿಟ್ಟು ಅವರೇ ಮುಂದುವರಿಸಿದರು.

"ಅವನು ಆ ಲಾರಿಯಲ್ಲಿ ಇರಲು ಸಾಧ್ಯವೇ ಇರಲಿಲ್ಲ. ಅದು ಆಕೆಗೆ ಗೊತ್ತು. ಯಾಕೆ ಕರೆದಳು? ಹೊರಗೆ ಬಾ, ಉತ್ತರ ಹೇಳು ಅಂತಲೋ? ಅಥವಾ ಅವನನ್ನೂ ಕಾಯುವವರಲ್ಲಿ ಸೇರಿಸಿಕೊಂಡಳೋ? ನೀವು ಎದುರಿಗಿದ್ದಿರಿ. ಆಗ ಅವಳ ಮುಖ ಹೇಗಿತ್ತು?"

"ಕೊನೆಯ ಹೆಸರಿನ ಹೊತ್ತಿಗೆ ನನ್ನ ಕಣ್ಣು ರೆಕಾರ್ಡರಿನ ಮೀಟರಿನ ಮೇಲಿತ್ತು" ಎಂದೆ. ಅದೇ ನಿಜ. "ನೀವು ಅವರನ್ನೇ ಕೇಳಬಹುದಲ್ಲ?"

"ನಾಳೆ ಭಾನುವಾರ. ಪಕ್ಕದಲ್ಲೇ ನಿಂತು ಹಾಡಬೇಕು" ಎಂದರು. ಕೇಳುತ್ತೇನೆ ಎನ್ನಲಿಲ್ಲ, ಕೇಳುವುದಿಲ್ಲ ಎಂದೂ ಅನ್ನಲಿಲ್ಲ. ಕೈ ಕುಲುಕಿ ಹೊರಟರು.

ಮರುದಿನ ಮಧ್ಯಾಹ್ನ, ಅವರು ಚರ್ಚಿನಲ್ಲಿದ್ದಿರಬಹುದಾದ ಹೊತ್ತಿಗೆ, ಬೇಸ್‌ಮೆಂಟಿನಲ್ಲಿ ಆ ಬಯಲಿನ ರೆಕಾರ್ಡಿಂಗ್ ತೆಗೆದು ಹಾಕಿದೆ. ಕೊನೆಯ ಹೆಸರನ್ನು ಹಿಂದಕ್ಕೂ ಮುಂದಕ್ಕೂ ಓಡಿಸಿ, ಹಲವು ಸಲ ಕೇಳಿದೆ. ದನಿಯಲ್ಲಿ ಸಿಟ್ಟಿದೆಯೇ, ಕರುಣೆಯಿದೆಯೇ ಎಂದು ಹುಡುಕಿದೆ. ಇಷ್ಟು ವರ್ಷ ದನಿಗಳ ಜೊತೆಗೇ ಬದುಕಿದವಳಿಗೆ ಅದು ತಿಳಿಯಲಿಲ್ಲ. ತಿಳಿದದ್ದು ಇಷ್ಟು: ಆ ಹೆಸರನ್ನು ಅವರು ಉಳಿದವುಗಳಿಗಿಂತ ಮೆತ್ತಗೆಯೂ ಕೂಗಿರಲಿಲ್ಲ, ಜೋರಾಗಿಯೂ ಕೂಗಿರಲಿಲ್ಲ. ಅಣ್ಣಂದಿರಿಗಾಗಿ ಎಷ್ಟು ಹೊತ್ತು ಕಾದಿದ್ದರೋ, ಅದಕ್ಕೂ ಅಷ್ಟೇ ಹೊತ್ತು ಉತ್ತರಕ್ಕಾಗಿ ಕಾದಿದ್ದರು.